ಕೋರಾಬಾಯಿಯನ್ನು ಗಣತಿಗೆ ಸೇರಿಸಿದ್ದು

ಹೀಥ್ರೋ

ಲಂಡನ್ನಿಗೆ ಹೋಗಿ ಬಂದವರು ಸೇತುವೆ, ಗಡಿಯಾರ, ಅರಮನೆಗಳ ಬಗ್ಗೆ ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ. ನೋಡದೆ ಬಂದರೆ ತಂಗಿ ಬಿಡುವವಳಲ್ಲ. ಆದರೆ ಆರು ವಾರದ ಆ ಪ್ರವಾಸದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಪಾಠಪುಸ್ತಕದಷ್ಟು ದಪ್ಪದ ಒಂದು ಫಾರ್ಮು, ಮತ್ತು ಅದನ್ನು ಮುಟ್ಟುವುದೇ ಇಲ್ಲವೆಂದು ಹಟ ಹಿಡಿದು ಕೂತ ಒಬ್ಬ ಮುದುಕಿ.

ಅದು ಎರಡು ಸಾವಿರದ ಒಂದನೆಯ ಇಸವಿ. ನಾನು ಧಾರವಾಡದ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಸರಕಾರಕ್ಕೆ ಏನನ್ನಾದರೂ ಎಣಿಸಬೇಕೆಂಬ ಹುಕಿ ಬಂದರೆ, ಮತದಾರರಿರಲಿ, ದನಕರುಗಳಿರಲಿ, ಮೊದಲು ನೆನಪಾಗುವುದು ನಾವೇ. ಹಾಗಾಗಿ ಆ ಫೆಬ್ರವರಿಯಲ್ಲಿ ಮೂರನೆಯ ಸಲ ಜನಗಣತಿಯ ಕೆಲಸ ಮಾಡಿ ಕಾಲು ಸವೆಸಿಕೊಂಡಿದ್ದೆ. ಮೂರು ಗಣತಿಯಲ್ಲೂ ನನ್ನ ಫಾರ್ಮುಗಳಲ್ಲಿ ಒಂದು ತಿದ್ದುಪಡಿಯೂ ಬಂದಿಲ್ಲ ಎಂದು ನಾನು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಏಪ್ರಿಲ್ಲಿನಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ತಂಗಿ ಶೈಲಾ ಕಳಿಸಿದ ಟಿಕೆಟ್ಟಿನಲ್ಲಿ ವಿಮಾನ ಹತ್ತಿದೆ.

ಹೀಥ್ರೋದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ, ‘ಎಲ್ಲಿ ಇಳಿದುಕೊಳ್ಳುತ್ತೀರಿ? ಆ ಮನೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದ. ಎರಡು ತಿಂಗಳ ಹಿಂದೆ ಮನೆಮನೆಗೆ ಹೋಗಿ ಇದನ್ನೇ ಕೇಳಿದವಳು ನಾನು. ನಾಲಿಗೆ ತಾನಾಗಿ ಓಡಿತು. ಕುಟುಂಬದ ಮುಖ್ಯಸ್ಥ ಒಬ್ಬ, ಹೆಂಡತಿ ಒಬ್ಬಳು, ಹನ್ನೆರಡು ವರ್ಷ ತುಂಬಿದ ಮಗಳು ಒಬ್ಬಳು, ಮೂವರೂ ಓದುಬರಹ ಬಲ್ಲವರು, ಮನೆಯೊಳಗೇ ನಲ್ಲಿ ಇದೆ, ಅಡುಗೆಗೆ ಗ್ಯಾಸು.

‘ನಲ್ಲಿಯ ಬಗ್ಗೆ ನಾನು ಕೇಳಲಿಲ್ಲ, ಮೇಡಂ’ ಎಂದು ಅವನು ಮುದ್ರೆ ಒತ್ತಿದ.

ಕ್ರೋಯ್ಡನ್, ಮೂರನೇ ಮಹಡಿ

ತಂಗಿಯ ಫ್ಲ್ಯಾಟ್ ಕ್ರೋಯ್ಡನ್ನಿನಲ್ಲಿ, ಎಂಟು ಫ್ಲ್ಯಾಟುಗಳ ಒಂದು ಇಟ್ಟಿಗೆ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಅವಳ ಗಂಡ ನಾಗರಾಜ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು, ಮೈಸೂರಿನವರು. ಹೀಗಾಗಿ ಆ ಮನೆಯಲ್ಲಿ ಎರಡು ಕನ್ನಡ, ಎರಡು ಪೇಯ. ತಂಗಿ ಚಹಾ ಮಾಡಿದರೆ ಡಾಕ್ಟರು ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದರು. ಮಗಳು ಅದಿತಿ ಎರಡೂ ಕನ್ನಡವನ್ನು ಕೇಳಿಸಿಕೊಂಡು, ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಯಾರ ಪಕ್ಷವನ್ನೂ ಸೇರದೆ ಹಾಲು ಕುಡಿಯುತ್ತಿದ್ದಳು.

ನಾನು ಹೋದ ಮೂರನೆಯ ದಿನ ಬಾಗಿಲ ಗಂಟೆ ಸದ್ದಾಯಿತು. ಬಾಗಿಲು ತೆರೆದರೆ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಬಡಕಲು ಇಂಗ್ಲಿಷ್ ಮನುಷ್ಯ. ‘ಸೆನ್ಸಸ್’ ಎಂದ. ಆ ದೇಶದಲ್ಲೂ ಅದೇ ತಿಂಗಳ ಕೊನೆಯ ಭಾನುವಾರ ಜನಗಣತಿ ಎಂದು ಆಗ ಗೊತ್ತಾಯಿತು. ಪರದೇಶದಲ್ಲಿ ತವರಿನ ಬಳಗ ಸಿಕ್ಕಷ್ಟು ಸಂತೋಷವಾಯಿತು ನನಗೆ. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದೆ. ಅವನು ಫಾರ್ಮು ನನ್ನ ಕೈಗಿಟ್ಟು, ‘ತುಂಬಿ ಅಂಚೆಗೆ ಹಾಕಿಬಿಡಿ’ ಎಂದು ಹೊರಟೇಬಿಟ್ಟ.

ಇದೆಂಥ ಗಣತಿ? ನಮ್ಮಲ್ಲಿ ಗಣತಿಯವರು ಒಳಗೆ ಹೋಗಿ ಮಂಚದ ಮೇಲೆ ಕೂಡಬೇಕು, ಚಹಾ ಕುಡಿಯಬೇಕು, ರೇಷನ್ ಕಾರ್ಡಿನ ಗೋಳು ಕೇಳಬೇಕು, ಸೊಸೆಯ ಮೇಲಿನ ದೂರನ್ನು ಸೊಸೆಯ ಎದುರಿಗೇ ಕೇಳಬೇಕು, ಆಮೇಲೆ ಮನೆಯಲ್ಲಿ ಎಷ್ಟು ಜನ ಎಂಬ ಮಾತು. ಇವನು ನಮ್ಮನ್ನು ಎಣಿಸಲೂ ಇಲ್ಲ. ನಾನು ಬಿಡಲಿಲ್ಲ. ಮೆಟ್ಟಿಲ ಬಳಿಯೇ ಅವನ ಕೈಗೆ ಚಹಾದ ಕಪ್ಪು ಹಿಡಿಸಿದೆ. ನಾನೂ ಇದೇ ಕೆಲಸದವಳು ಎಂದಾಗ ಅವನ ಮುಖ ಸ್ವಲ್ಪ ಅರಳಿತು.

‘ನಿಮ್ಮಲ್ಲೂ ನಾಯಿಗಳೇ?’ ಎಂದು ಕೇಳಿದ.

‘ನಾಯಿಗಳೇ’ ಎಂದೆ.

ಅವನು ಪ್ಯಾಂಟು ಎತ್ತಿ ಕಾಲಿನ ಗಾಯ ತೋರಿಸಿದ. ನಾವಿಬ್ಬರೂ ಕೊಂಚ ಹೊತ್ತು ನಾಯಿಗಳನ್ನು ಬೈದೆವು. ಸಾಮ್ರಾಜ್ಯ, ಸ್ವಾತಂತ್ರ್ಯ ಏನೇ ಆಗಿರಲಿ, ಆ ವಿಷಯದಲ್ಲಿ ಎರಡೂ ದೇಶದವರಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಸಂಜೆ ಮನೆಮಂದಿ ಫಾರ್ಮಿನ ಮುಂದೆ ಕುಳಿತರು. ಅದರಲ್ಲಿ ‘ಮುಖ್ಯಸ್ಥ’ ಎಂಬ ಪದವೇ ಇಲ್ಲ. ಒಂದನೇ ವ್ಯಕ್ತಿ, ಎರಡನೇ ವ್ಯಕ್ತಿ ಅಷ್ಟೇ. ಪೆನ್ನು ಶೈಲಾಳ ಕೈಯಲ್ಲಿತ್ತು. ಒಂದನೇ ವ್ಯಕ್ತಿಯ ಜಾಗದಲ್ಲಿ ತನ್ನ ಹೆಸರನ್ನೇ ಬರೆದಳು.

‘ಅತ್ತಿಗೆ, ಈ ಮನೇಲಿ ನಾನು ಎರಡನೇ ವ್ಯಕ್ತಿ ಅನ್ನೋದು ಇವತ್ತು ಸರ್ಕಾರಕ್ಕೂ ಗೊತ್ತಾಯ್ತು’ ಎಂದು ಡಾಕ್ಟರು ನನಗೆ ಹೇಳಿದರು.

ನಾನು ಮಾತೃಭಾಷೆಯ ಪ್ರಶ್ನೆ ಹುಡುಕಿದೆ. ಆ ಪುಟ ಈ ಪುಟ ಮಗುಚಿದರೂ ಸಿಗಲಿಲ್ಲ. ನೀವು ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳವಾಡುತ್ತೀರಿ ಎಂದು ತಿಳಿಯುವ ಆಸೆ ಆ ಸರಕಾರಕ್ಕೆ ಇರಲಿಲ್ಲ. ಅದರ ಬದಲು, ನಿಮ್ಮ ಎಥ್ನಿಕ್ ಗ್ರೂಪ್ ಯಾವುದು ಎಂದು ಕೇಳಿತ್ತು. ಕೆಳಗೆ ಬಿಳಿಯರು, ಮಿಶ್ರ, ಏಷ್ಯದವರು, ಕಪ್ಪು ಜನ, ಚೀನೀಯರು ಎಂದು ಸಾಲುಸಾಲು ಚೌಕಗಳು.

‘ಹಂಗಂದ್ರ ಏನ?’ ಎಂದೆ.

‘ಜನಾಂಗ ಅನ್ನಬಹುದು’ ಎಂದರು ಡಾಕ್ಟರು.

‘ಬಣ್ಣಾ ಕೇಳ್ಲಿಕತ್ತಾರ ಅಕ್ಕಾ, ಬಾಯಿ ಬಿಟ್ಟು ಹೇಳವಲ್ರು’ ಎಂದು ಶೈಲಾ ‘ಇಂಡಿಯನ್’ ಎಂಬ ಚೌಕಕ್ಕೆ ಗುರುತು ಹಾಕಿ ಮುಂದಕ್ಕೆ ಹೋದಳು. ಅವಳಿಗೆ ಅದು ಅರೆ ನಿಮಿಷದ ಕೆಲಸವಾಗಿತ್ತು.

ಕ್ರೋಯ್ಡನ್ ಸಂತೆ

ನಾನು ಕೋರಾಬಾಯಿಯನ್ನು ಮೊದಲು ಕಂಡದ್ದು ತರಕಾರಿ ಅಂಗಡಿಯವನ ಕೈಲಿ ಬೈಸಿಕೊಳ್ಳುತ್ತಾ. ಕ್ರೋಯ್ಡನ್ನಿನ ಸಂತೆಯಲ್ಲಿ ಬೆಂಡೆಕಾಯಿ ಕಂಡು, ನಮ್ಮ ಪದ್ಧತಿಯಂತೆ ಒಂದೊಂದರ ತುದಿ ಚಟ್ಟನೆ ಮುರಿದು ನೋಡಿ ಬುಟ್ಟಿಗೆ ಹಾಕುತ್ತಿದ್ದೆ. ಅಂಗಡಿಯವನು ಕೂಗಿಕೊಂಡ. ಅಷ್ಟರಲ್ಲಿ ರಾಶಿಯ ಆ ಬದಿಯಿಂದಲೂ ಚಟ್ಟ್, ಚಟ್ಟ್ ಎಂದು ಸದ್ದು ಬಂತು. ನೋಡಿದರೆ ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡ, ಎಪ್ಪತ್ತು ದಾಟಿದ ಕಪ್ಪು ಹೆಂಗಸು. ಅಂಗಡಿಯವನ ಕಡೆ ಕಣ್ಣೆತ್ತಿಯೂ ನೋಡದೆ ತನ್ನ ಪಾಡಿಗೆ ತಾನು ತುದಿ ಮುರಿಯುತ್ತಿದ್ದಳು.

ಅವಳ ಇಂಗ್ಲಿಷು ಇಂಗ್ಲೆಂಡಿನವರದ್ದಲ್ಲ. ಎಳೆದೆಳೆದು, ನಿಂತು ನಿಂತು ಬರುತ್ತಿತ್ತು. ನಾವು ಮಾತಿನ ಕೊನೆಗೆ ‘ರೀ’ ಹಚ್ಚಿದಂತೆ ಅವಳು ಜೇನು ಎಂಬರ್ಥದ ‘ಹನಿ’ ಹಚ್ಚುತ್ತಿದ್ದಳು. ನನ್ನ ಕಿವಿಗೆ ಅದು ಧಾರವಾಡದ ಕನ್ನಡದಲ್ಲಿಯೇ ಕೇಳಿಸುತ್ತಿತ್ತು, ಹಾಗೆಯೇ ಬರೆಯುತ್ತೇನೆ.

‘ಅಂವಂಗೇನ ತಿಳೀತದ ಹನಿ,’ ಎಂದಳು. ‘ತುದಿ ಮುರೀದೆ ಬೆಂಡಿಕಾಯಿ ತೊಗೊಳ್ಳೂದಂದ್ರ ಮಾರಿ ನೋಡದ ಮದುವಿ ಆದಂಗ.’

ಮನೆಯ ದಾರಿ ಹಿಡಿದರೆ ಅವಳೂ ಅದೇ ದಾರಿ. ನಮ್ಮ ಕಟ್ಟಡಕ್ಕೇ ಬಂದಳು, ಮೊದಲ ಮಹಡಿಯ ಎರಡನೆಯ ಫ್ಲ್ಯಾಟಿಗೆ. ಹೆಸರು ಕೋರಾ ಎಂದಳು. ನನಗಿಂತ ಹದಿನೇಳು ವರ್ಷ ಹಿರಿಯಳನ್ನು ಬರೀ ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಕೋರಾಬಾಯಿ ಎಂದೆ. ಅವಳಿಗೆ ಅದು ಬಲು ಮೆಚ್ಚಿಕೆಯಾಯಿತು. ನನ್ನನ್ನು ಅವಳು ಟೀಚರ್ ಎಂದಳು.

ಮಾರನೆಯ ದಿನದಿಂದ ಮಧ್ಯಾಹ್ನ ಅವಳ ಅಡುಗೆಮನೆಯೇ ನನ್ನ ಠಿಕಾಣಿ. ಕೋರಾಬಾಯಿ ಅಮೆರಿಕದ ದಕ್ಷಿಣದ ಲೂಸಿಯಾನಾ ಎಂಬ ರಾಜ್ಯದವಳು. ಒಬ್ಬ ಇಂಗ್ಲಿಷ್ ಹಡಗಿನವನನ್ನು ಮದುವೆಯಾಗಿ ಎಳೆಯ ವಯಸ್ಸಿನಲ್ಲೇ ಇಲ್ಲಿಗೆ ಬಂದವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಭ್ಯಾಸ ಬಿಡುವುದೇ? ನಿಮ್ಮ ರಾಜ್ಯದಲ್ಲಿ ಯಾವ ಯಾವ ಜನ ಇದ್ದಾರೆ ಎಂದು ಕೇಳಿದೆ. ಅವಳು ಸಾರಿಗೆ ಬೆಂಡೆಕಾಯಿ ಹೆಚ್ಚುತ್ತಾ ಶುರುಮಾಡಿದಳು.

‘ಮೊದಲ ಚೊಕ್ಟಾ ಮಂದಿ ಇದ್ರು. ಅವರ ನೆಲದಾಗ ಫ್ರೆಂಚರು ಬಂದ್ರು, ಅವರ ಹಿಂದ ಸ್ಪೇನಿನವರು. ಆಫ್ರಿಕಾದಿಂದ ನಮ್ಮವರನ್ನ ಹಡಗದಾಗ ತುಂಬಿ ತಂದ್ರು. ಕೆನಡಾದಾಗಿಂದ ಹೊರಗ ಹಾಕಿದ ಫ್ರೆಂಚ್ ಒಕ್ಕಲಿಗರು ಬಂದು ಜವಳ ನೆಲದಾಗ ಮನಿ ಕಟ್ಟಿದ್ರು. ಆಮ್ಯಾಲೆ ಜರ್ಮನರು, ಹೈಟಿಯವರು, ಕಬ್ಬು ಕಡೀಲಿಕ್ಕೆ ಇಟಲಿಯವರು. ಈಗ ಸಿಗಡಿ ಹಿಡಿಯೋರಾಗ ವಿಯೆಟ್ನಾಮಿನವರೂ ಇದ್ದಾರಂತ.’

‘ಅಂದ್ರ ಈ ನಿಮ್ಮ ಬೆಂಡಿಕಾಯಿ ಸಾರಿನಂಗ, ಎಲ್ಲಾ ಒಂದ ಗಡಿಗ್ಯಾಗ’ ಎಂದೆ ನಾನು, ಬಹಳ ಜಾಣತನದ ಮಾತು ಆಡಿದೆನೆಂದುಕೊಂಡು.

‘ಎಲ್ಲಾರೂ ಹಂಗ ಅಂತಾರ’ ಎಂದಳು. ‘ಬೆಂಡಿಕಾಯಿನ್ನ ಒಬ್ರೂ ಕೇಳಂಗಿಲ್ಲ.’

ಅವಳ ಮನೆತನದಲ್ಲೇ ಆ ರಾಜ್ಯದ ಮುಕ್ಕಾಲು ಪಾಲು ಇತ್ತು. ತಂದೆಯ ಅಜ್ಜ ಫ್ರೆಂಚ್, ಅಜ್ಜಿ ಗುಲಾಮಳಾಗಿದ್ದವಳು, ತಾಯಿಯ ಕಡೆ ಒಬ್ಬಳು ಚೊಕ್ಟಾ. ಆದರೆ ಆಗಿನ ಗಣತಿಯವರು ಇದನ್ನೆಲ್ಲ ಕೇಳುತ್ತಿರಲಿಲ್ಲವಂತೆ. ಬರುವುದು, ಮುಖ ನೋಡುವುದು, ಬರೆದುಕೊಂಡು ಹೋಗುವುದು. ಅವಳ ಅಜ್ಜಿಯನ್ನು ಒಂದು ಗಣತಿಯಲ್ಲಿ ಮಿಶ್ರ ಎಂದು ಬರೆದವರು ಮುಂದಿನ ಗಣತಿಯಲ್ಲಿ ಕಪ್ಪು ಎಂದು ಬರೆದರಂತೆ. ‘ಹತ್ತು ವರ್ಷದಾಗ ನಮ್ಮಜ್ಜಿಗೆ ಬಿಳಿ ಕೂದಲ ಬಂದಿದ್ವು ಅಷ್ಟ’ ಎಂದು ಕೋರಾಬಾಯಿ ನಕ್ಕಳು.

ಆ ನಗುವಿನ ಸಲಿಗೆಯಲ್ಲಿ, ನಿಮ್ಮ ಫಾರ್ಮು ತುಂಬಿದಿರಾ ಎಂದು ಕೇಳಿದೆ. ಫಾರ್ಮು ಒಲೆಯ ಪಕ್ಕದಲ್ಲಿ ಬಿಸಿ ಪಾತ್ರೆ ಇಡುವ ಮಣೆಯಾಗಿತ್ತು. ಅವಳ ನಗು ನಿಂತಿತು.

‘ನಂಗೊಬ್ಬಾಕಿ ತಂಗಿ, ಎಸ್ಟೆಲ್’ ಎಂದಳು. ‘ಒಂದ ಹಾಸಿಗ್ಯಾಗ ಮಲಗಿ ಬೆಳದ್ವಿ. ಆಕಿ ಬೆಳ್ಳಗ. ದೊಡ್ಡಾಕಿ ಆದ ಮ್ಯಾಲೆ ಬ್ಯಾರೆ ಊರಾಗ ಗಣತಿಯವ ಆಕಿನ್ನ ನೋಡಿ ಬಿಳಿಯರ ಪಟ್ಟಿಗೆ ಹಾಕ್ದ. ನಾ ಕರಿಯರ ಪಟ್ಟಿಯೊಳಗ. ಆವಾಗಿಂದ ಐವತ್ತು ವರ್ಷ ಆತು, ಮಾತಿಲ್ಲ ಕತಿಯಿಲ್ಲ. ಆ ಒಂದು ಪ್ರಶ್ನಿಗೆ ನಾ ಉತ್ತರಾ ಕೊಡಂಗಿಲ್ಲ ಟೀಚರ್. ದಂಡಾ ಹಾಕ್ಲಿ, ಜೇಲಿಗೆ ಹಾಕ್ಲಿ.’

ಒಂದು ಪ್ರಶ್ನೆಗಾಗಿ ಇಡೀ ಫಾರ್ಮನ್ನು ಬಿಡಬಾರದೆಂದು ನಾನು ಉಪದೇಶ ಮಾಡಿದೆ. ನಿಮ್ಮನ್ನು ಲೆಕ್ಕಕ್ಕೇ ಹಿಡಿಯದೆ ಹೋದರೆ ಹೇಗೆ, ನೀವು ಇದ್ದೀರಿ ಎಂದು ಕಾಗದ ಹೇಳಬೇಡವೇ ಎಂದೆ. ಕೈ ನಡುಗುವುದರಿಂದ ಅವಳಿಗೆ ಬರೆಯಲು ಕಷ್ಟವಿತ್ತು. ಗಣತಿಯ ಭಾನುವಾರ ನಾನೇ ಬಂದು ಬರೆದುಕೊಡುತ್ತೇನೆ, ಆ ಪ್ರಶ್ನೆ ಬಂದಾಗ ನೋಡೋಣ ಎಂದು ಗಂಟು ಬಿದ್ದೆ. ಕೊನೆಗೆ ‘ಬಾ, ನೋಡೂಣು’ ಎಂದಳು. ಅಷ್ಟು ಹೇಳಿಸಿಕೊಂಡು ನಾನು ಗೆದ್ದವರಂತೆ ಮೆಟ್ಟಿಲು ಹತ್ತಿದೆ.

ವೆಂಬ್ಲಿ, ಶನಿವಾರ

ನಡುವೆ ಒಂದು ಶನಿವಾರ ವೆಂಬ್ಲಿಯಲ್ಲಿ ಬಿಜಾಪುರದ ಕಡೆಯವರ ಮನೆಯಲ್ಲಿ ಊಟ. ಹತ್ತಾರು ಕನ್ನಡ ಕುಟುಂಬಗಳು ಸೇರಿದ್ದವು. ಮೊದಲು ಎಲ್ಲರೂ ತಂತಮ್ಮ ಊರಿನ ಕನ್ನಡದಲ್ಲಿ ಶುರುಮಾಡಿದರು. ಅರ್ಧ ಗಂಟೆಯಲ್ಲಿ ಎಲ್ಲರ ಮಾತೂ ಬೆಂಗಳೂರಿನ ಕಡೆ ವಾಲಿತು. ಬಿಜಾಪುರದ ಯಜಮಾನರು ಕೂಡ ‘ಊಟಕ್ಕೆ ಬನ್ನಿ’ ಎಂದರು, ತಮ್ಮದೇ ಮನೆಯಲ್ಲಿ ತಾವೇ ಅತಿಥಿಗಳಾದಂತೆ.

ಸರಕಾರ ಕೇಳದ ಮಾತೃಭಾಷೆಯನ್ನು ನಾನೇ ಕೇಳಿಬಿಡೋಣವೆಂದು ನೋಟುಬುಕ್ಕು ತೆಗೆದೆ. ಹಿರಿಯರೆಲ್ಲ ಎದೆಯುಬ್ಬಿಸಿ ಕನ್ನಡ ಎಂದರು. ಒಬ್ಬ ಉಡುಪಿಯ ಹೆಂಗಸು ತುಳು ಎಂದು ಬರೆಸಿದಳು, ಅವಳ ಗಂಡ ಕೊಂಕಣಿ ಎಂದ, ಮಗನ ಮಾತೃಭಾಷೆಯ ಬಗ್ಗೆ ಅಲ್ಲೇ ಒಂದು ಸಣ್ಣ ಯುದ್ಧವಾಯಿತು. ಮಗ ಟಿವಿ ನೋಡುತ್ತಿದ್ದ. ಮಕ್ಕಳನ್ನು ಕೇಳಿದರೆ ಅವರು ಕನ್ನಡದ ಪ್ರಶ್ನೆಯನ್ನು ಪೂರ್ತಿ ಕೇಳಿ, ಪೂರ್ತಿ ತಿಳಿದುಕೊಂಡು, ಇಂಗ್ಲಿಷಿನಲ್ಲಿ ‘ಕನ್ನಡ’ ಎಂದರು. ಅವರಿಗಾಗಿ ಒಂದು ಹೊಸ ಕಾಲಂ ಎಳೆಯಬೇಕಾಯಿತು.

ಯಾವ ಚೌಕಕ್ಕೆ ಗುರುತು ಹಾಕಬೇಕೆಂಬ ಚರ್ಚೆಯೂ ಎದ್ದಿತು. ನಾವು ಇಂಡಿಯನ್ನೋ ಬ್ರಿಟಿಷೋ ಎಂದು ಒಬ್ಬರು ಗಂಭೀರವಾಗಿ ಕೇಳಿದರು. ಕ್ರಿಕೆಟ್ಟಿನ ಮೇಲೆ ಹೋಗುತ್ತೆ ಎಂದು ನಮ್ಮ ಡಾಕ್ಟರು ಹೇಳಿದರು. ಅಷ್ಟರಲ್ಲಿ ಶೇಂಗಾ ಹೋಳಿಗೆ ಬಂದು ಚರ್ಚೆ ಮುಗಿಯಿತು. ಅವರಿಗೆ ಆ ಪ್ರಶ್ನೆ ಊಟದ ನಡುವಿನ ಮಾತು. ಕೋರಾಬಾಯಿಗೆ ಅದು ಹಾಗಲ್ಲವಲ್ಲ ಎಂದು ಹೋಳಿಗೆ ತಿನ್ನುವಾಗ ಅನಿಸಿತು. ಹಾಗೆ ಅನಿಸಿದರೂ ಮುಂದಿನ ವಾರ ನಾನು ಮಾಡಿದ್ದು ಬುದ್ಧಿವಂತರ ಕೆಲಸವಾಗಿರಲಿಲ್ಲ.

ಎಂಟು ಬಾಗಿಲುಗಳು

ಗಣತಿಯ ದಿನ ಹತ್ತಿರ ಬಂದಂತೆ ನನ್ನ ಕೈ ಕಡಿಯತೊಡಗಿತು. ಗುರುವಾರ ನಮ್ಮ ಮನೆಯವರೆಲ್ಲ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಕಟ್ಟಡದ ಎಂಟೂ ಮನೆಗೆ ಹೋದೆ. ಫಾರ್ಮು ಬಂತೇ, ಮನೆಯಲ್ಲಿ ಎಷ್ಟು ಜನ, ಮರೆಯದೆ ತುಂಬಿ ಎಂದು ಹೇಳಿದೆ. ಕೆಲವರು ನಕ್ಕರು, ಕೆಲವರು ನಾನು ಯಾರೆಂದು ತಿಳಿಯದೆ ಸಂಖ್ಯೆ ಹೇಳಿಬಿಟ್ಟರು. ಬಾಗಿಲು ತೆರೆಯದವರ ಲೆಕ್ಕವನ್ನು ಪಕ್ಕದವರಿಂದ ತಿಳಿದುಕೊಂಡೆ. ಕೋರಾಬಾಯಿ ಮಲಗಿದ್ದಳೇನೋ, ಬರಲಿಲ್ಲ. ಅವಳ ಲೆಕ್ಕ ನನಗೆ ಗೊತ್ತೇ ಇತ್ತು.

ಹೋದ ಮನೆ ಯಾವುದು, ಬಿಟ್ಟದ್ದು ಯಾವುದು ಎಂದು ತಪ್ಪಬಾರದಲ್ಲ? ನಮ್ಮಲ್ಲಿ ಬಾಗಿಲಿನ ಚೌಕಟ್ಟಿನ ಮೇಲೆ ಗಣತಿಯ ನಂಬರು ಹಾಕುವುದು ರೂಢಿ. ಪೋಲಿಯೊ ಹನಿ ಹಾಕುವವರೂ ಅಲ್ಲೇ ಗೀಚುತ್ತಾರೆ. ನಮ್ಮ ಓಣಿಯಲ್ಲಿ ಚೌಕಟ್ಟು ನೋಡಿದರೆ ಆ ಮನೆಯ ಚರಿತ್ರೆಯೇ ತಿಳಿಯುತ್ತದೆ. ಟೀಚರಮ್ಮನ ಪರ್ಸಿನಲ್ಲಿ ಸೀಮೆಸುಣ್ಣಕ್ಕೆ ಬರವೇ? ಎಂಟೂ ಬಾಗಿಲಿನ ಮೇಲೆ ದುಂಡಗಿನ ಕನ್ನಡ ಅಂಕಿಗಳಲ್ಲಿ ಮನೆಯ ನಂಬರು, ಒಂದು ಅಡ್ಡಗೆರೆ, ಮಂದಿಯ ಸಂಖ್ಯೆ ಬರೆದೆ. ಕೋರಾಬಾಯಿಯ ಬಾಗಿಲಿಗೆ ೨/೧.

ಶನಿವಾರ ಬೆಳಿಗ್ಗೆ ಪೊಲೀಸರು ಬಂದರು.

ಕೆಳಗಿನ ಮನೆಯ ಹಾರ್ಟ್ಲಿ ಎಂಬ ನಿವೃತ್ತರು ಆ ಗುರುತುಗಳನ್ನು ನೋಡಿ ಗಾಬರಿಯಾಗಿದ್ದರು. ಕಳ್ಳರು ಕನ್ನ ಹಾಕುವ ಮೊದಲು ಹೀಗೆ ಮನೆಗಳಿಗೆ ಗುಪ್ತ ಚಿಹ್ನೆ ಹಾಕುತ್ತಾರೆಂದು ಅವರು ಕೇಳಿದ್ದರಂತೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಮುತುವರ್ಜಿಯಿಂದ ಬಿಡಿಸಿಕೊಂಡು ಠಾಣೆಗೆ ಕೊಟ್ಟಿದ್ದರು. ಎಳೆಯ ಮುಖದ ಒಬ್ಬ ಪೇದೆ ಆ ಹಾಳೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತ. ‘ಇಂಥ ಚಿಹ್ನೆಗಳನ್ನು ನೀವು ಎಲ್ಲಾದರೂ ನೋಡಿದ್ದೀರಾ?’

ಡಾಕ್ಟರು ಕನ್ನಡಕ ಹಾಕಿಕೊಂಡು ನೋಡಿದರು, ನನ್ನ ಮುಖ ನೋಡಿದರು. ಮತ್ತೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದಿತಿ ಅವರ ತೋಳಿನ ಕೆಳಗಿನಿಂದ ಇಣುಕಿ, ‘ಅದು ಐದು. ಇದು ಮೂರು. ಇದು ಏಳು!’ ಎಂದು ಇಂಗ್ಲಿಷಿನಲ್ಲಿ ಕೂಗಿ, ಕನ್ನಡದಲ್ಲಿ ಸೇರಿಸಿದಳು, ‘ದೊಡ್ಡಮ್ಮ ಬರೆದಿದ್ದು!’

ಹುಡುಗಿಗೆ ಕನ್ನಡ ಅಂಕಿ ಓದಲು ಬರುತ್ತದೆಂದು ಸಂತೋಷಪಡುವುದೋ, ಸಿಕ್ಕಿಬಿದ್ದೆನೆಂದು ನಾಚುವುದೋ ತಿಳಿಯಲಿಲ್ಲ. ನಾನು ನಡೆದದ್ದನ್ನು ಹೇಳಿದೆ. ಪೇದೆ ಬರೆದುಕೊಳ್ಳಲು ತೆಗೆದ ಪುಸ್ತಕವನ್ನು ಮತ್ತೆ ಜೇಬಿಗಿಟ್ಟು, ಒರೆಸಿಬಿಡಿ ಎಂದು ಹೇಳಿ ಹೋದ. ಹಾರ್ಟ್ಲಿಯವರಿಗೆ ಕಳ್ಳರು ಇಲ್ಲವೆಂದು ಸಮಾಧಾನವಾಗುವ ಬದಲು ನಿರಾಸೆಯಾದಂತೆ ಕಂಡಿತು.

‘ಅಕ್ಕಾ, ನಿಂಗ ಸುಮ್ನ ಕೂಡ್ಲಿಕ್ಕೆ ಬರೂದ ಇಲ್ಲೇನು?’ ಎಂದು ಶೈಲಾ ತಲೆ ಚಚ್ಚಿಕೊಂಡಳು. ‘ನಾ ಇಲ್ಲೆ ದಿನಾ ಈ ಮಂದಿ ಮಾರಿ ನೋಡಬೇಕು.’

ಬಟ್ಟೆ, ನೀರು ತೆಗೆದುಕೊಂಡು ನಾನು ಒಂದೊಂದೇ ಬಾಗಿಲು ಒರೆಸುತ್ತಾ ಇಳಿದೆ. ಮೊದಲ ಮಹಡಿಯ ಎರಡನೆಯ ಬಾಗಿಲಿನಲ್ಲಿ ಒರೆಸಲು ಏನೂ ಇರಲಿಲ್ಲ. ಯಾರೋ ಮೊದಲೇ ಸೋಪು ಹಾಕಿ ತಿಕ್ಕಿದ್ದರು. ಎಷ್ಟು ತಿಕ್ಕಿದ್ದರೆಂದರೆ ಆ ಜಾಗದ ಬಣ್ಣವೇ ಎದ್ದ ಹಾಗಿತ್ತು.

ಮೊದಲ ಮಹಡಿ, ಭಾನುವಾರ

ಮಾರನೆಯ ದಿನ ಹೇಳಿದ ಹೊತ್ತಿಗೆ ಹೋಗಿ ಗಂಟೆ ಒತ್ತಿದೆ. ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ಕೋರಾಬಾಯಿಯ ಅರ್ಧ ಮುಖ ಕಾಣಿಸಿತು.

‘ಹೋಗು ಟೀಚರ್’ ಎಂದಳು. ‘ಇವತ್ತ ಬ್ಯಾಡ. ಯಾವತ್ತೂ ಬ್ಯಾಡ.’

ತಪ್ಪಾಯಿತು, ಅದು ನಮ್ಮೂರ ರೂಢಿ ಎಂದೆ.

‘ನಮ್ಮೂರಾಗೂ ರೂಢಿ ಇತ್ತು’ ಎಂದಳು. ‘ನಂಗ ಒಂಬತ್ತು ವರ್ಷ ಇದ್ದಾಗ ಒಂದು ಮುಂಜಾನೆ ನಮ್ಮ ಗೇಟಿನ ಮ್ಯಾಲೆ ಸುಣ್ಣದ ಗುರುತು ಇತ್ತು. ರಾತ್ರಿ ಬಿಳಿಯರ ಗುಂಪು ಈ ಮನಿಗೆ ಬರ್ತದಂತ ಅದರ ಅರ್ಥ. ಸಂಜಿ ಆಗೂದ್ರಾಗ ಕೋಳಿ ಸುದ್ದಾ ಬಿಟ್ಟು ಊರು ಬಿಟ್ವಿ. ಶುಕ್ರವಾರ ನಿನ್ನ ಗುರುತು ನೋಡಿದಾಗ ನಾ ಎಪ್ಪತ್ನಾಲ್ಕರ ಮುದುಕಿ ಅನ್ನೂದ ಮರತು ಚೀಲಾ ತುಂಬ್ಲಿಕತ್ತಿದ್ದೆ.’

ಬಾಗಿಲು ಮುಚ್ಚಿತು. ನನಗೆ ಹೋಗಲೂ ಆಗಲಿಲ್ಲ, ಮತ್ತೆ ಗಂಟೆ ಒತ್ತುವ ಧೈರ್ಯವೂ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ನಗೆಯಾಡಿಕೊಂಡೇ ಬಂದ ನನಗೆ ಅಲ್ಲಿ ಅಳು ಬಂತು. ಅತ್ತು ಮುಗಿದ ಮೇಲೆ, ಯಾರಿಗೂ ಹೇಳದ ಒಂದು ಮಾತನ್ನು ಆ ಮುಚ್ಚಿದ ಬಾಗಿಲಿಗೆ ಹೇಳಿದೆ.

ಆ ಫೆಬ್ರವರಿಯಲ್ಲಿ ಧಾರವಾಡದ ಹೊರಗೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಗೆ ಹೋಗಿದ್ದೆ. ಸುಡುಬಿಸಿಲು. ಕೈತುಂಬ ಬಳೆ ತೊಟ್ಟ ಒಬ್ಬ ಲಂಬಾಣಿ ಹೆಂಗಸು ನನ್ನ ಪ್ರಶ್ನೆಗಳಿಗೆ ಮುರುಕು ಕನ್ನಡದಲ್ಲಿ ಉತ್ತರ ಹೇಳಿದಳು. ಮಾತೃಭಾಷೆಯ ಕಾಲಂ ಬಂದಾಗ ನಾನು ಕೇಳಲೇ ಇಲ್ಲ. ಕನ್ನಡ ಎಂದು ಬರೆದೆ. ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಅವಳು ಅಳುವ ಕೂಸಿಗೆ ತನ್ನ ಮಾತಿನಲ್ಲಿ ಏನೋ ಹೇಳಿ ಸಮಾಧಾನ ಮಾಡುತ್ತಿದ್ದಳು. ಆ ಮಾತು ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಕೇಳಿಸಿತು. ತಿರುಗಿ ಹೋಗಿ ಸರಿಮಾಡಬಹುದಿತ್ತು. ಫಾರ್ಮಿನಲ್ಲಿ ತಿದ್ದುಪಡಿ ಬೀಳುತ್ತದಲ್ಲ ಎಂದು ಹೋಗಲಿಲ್ಲ.

‘ನಾನೂ ಮಾರಿ ನೋಡಿ ಬರದಾಕಿ, ಕೋರಾಬಾಯಿ’ ಎಂದೆ.

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಸರಪಳಿ ಜಾರಿದ ಸದ್ದು.

‘ಅಂದ್ರ ಆ ಗಣತಿಯವ ನೀನ ಅನ್ನು’ ಎಂದಳು ಬಾಗಿಲಲ್ಲಿ ನಿಂತು. ‘ಐವತ್ತು ವರ್ಷದಿಂದ ಅಂವನ್ನ ಬೈಬೇಕಂತ ಕಾಯ್ಲಿಕತ್ತೇನಿ. ಒಳಗ ಬಾ. ಕೂತ ಬೈತೇನಿ.’

ಬೈಯಲಿಲ್ಲ. ಕಾಫಿ ಕೊಟ್ಟಳು, ಕಷಾಯದಷ್ಟು ಕಹಿ. ಪ್ರಾಯಶ್ಚಿತ್ತವೆಂದು ಪೂರ್ತಿ ಕುಡಿದೆ. ಆಮೇಲೆ ಎಸ್ಟೆಲ್‌ಳ ಕಥೆಯ ಉಳಿದ ಭಾಗ ಹೇಳಿದಳು. ಎಸ್ಟೆಲ್ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಬಿಳಿಯಳೆಂದು ಹೇಳಿಕೊಂಡು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಗಣತಿಯವನು ನೋಡಿ ಬರೆದಾಗ ಅವಳು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಕೆಲಸ, ಬಾಡಿಗೆಯ ಕೋಣೆ, ಮದುವೆಯಾಗಲಿದ್ದ ಹುಡುಗ ಎಲ್ಲವೂ ಹೋಗುತ್ತಿದ್ದವು. ನನ್ನನ್ನು ನೋಡಲು ಬರಬೇಡ ಎಂದು ಅಕ್ಕನಿಗೆ ಒಂದು ಕಾಗದ ಬರೆದಳು. ಕೋರಾಬಾಯಿ ಆದರೂ ಒಮ್ಮೆ ಹೋದಳು, ಗಿರಾಕಿಯಂತೆ.

‘ಒಂದು ಗಜ ನೀಲಿ ರಿಬ್ಬನ್ ಕೊಡ್ರಿ ಅಂದೆ. ಆಕಿ ನನ್ನ ಮಾರಿ ನೋಡ್ಲಿಲ್ಲ. ಆಕಿ ಹಿಂದ ಮ್ಯಾನೇಜರ್ ನಿಂತಿದ್ದ. ಅಳದ್ಲು, ಕತ್ತರಿ ಇಟ್ಲು. ಕತ್ತರಿಸೂ ಮೊದಲ ಬಟ್ಟು ಸರಿಸಿ ಒಂದು ಗೇಣು ಜಾಸ್ತಿ ಬಿಟ್ಲು. ಅಷ್ಟ ಟೀಚರ್. ನಮ್ಮಿಬ್ಬರ ನಡುವೆ ಕಡೀ ಮಾತಂದ್ರ ಆ ಒಂದು ಗೇಣು.’

ಎಸ್ಟೆಲ್ ಬದುಕಿದ್ದಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಕೇಳಿ ತಿಳಿಯಬಹುದಾದವರು ಯಾರೂ ಉಳಿದಿರಲಿಲ್ಲ.

ನಾವು ಫಾರ್ಮು ಬಿಡಿಸಿದೆವು. ಹೆಸರು, ಹುಟ್ಟಿದ ದಿನ, ಕೋಣೆಗಳು, ಮೈ ಚೆನ್ನಾಗಿದೆಯೇ ಎಲ್ಲ ಸಲೀಸಾಗಿ ನಡೆಯಿತು. ಆ ಪ್ರಶ್ನೆ ಬಂತು. ಕೋರಾಬಾಯಿ ಚೌಕಗಳ ಮೇಲೆ ಬೆರಳಿಟ್ಟು ಇಳಿದಳು. ಬಿಳಿಯರು ಎಂದರೆ ಸುಳ್ಳು. ಮಿಶ್ರ ಎಂದರೆ ಅದರೊಳಗಿನ ಯಾವ ಜೋಡಿಯೂ ಅವಳದ್ದಲ್ಲ. ಕಪ್ಪು ಎಂಬುದಕ್ಕೆ ಅವಳ ಅಭ್ಯಂತರವಿರಲಿಲ್ಲ, ಜೀವನವಿಡೀ ಹಾಗೇ ಬಾಳಿದವಳು. ‘ಆದ್ರ ಇಲ್ಲೆ ಗುರುತು ಹಾಕಿದ್ರ ಆಕಿನ್ನ ಆ ಕಡೆ ನಾನ ನೂಕಿದಂಗ’ ಎಂದು ಬೆರಳು ತೆಗೆದಳು.

ಕೊನೆಯಲ್ಲಿ, ಇವು ಯಾವುವೂ ಅಲ್ಲದವರು ತಮ್ಮದನ್ನು ತಾವೇ ಬರೆಯಲಿ ಎಂದು ಒಂದು ಸಾಲು ಸಣ್ಣ ಚೌಕಗಳಿದ್ದವು. ಅದನ್ನು ತೋರಿಸಿ, ‘ಇಲ್ಲಿ ನಿಮಗ ಏನ ಅನಸ್ತದ ಅದನ್ನ ಹೇಳ್ರಿ. ನಾ ಕೇಳಿ ಬರೀತೇನಿ’ ಎಂದೆ.

ಕೋರಾಬಾಯಿ ಕಾಫಿಯ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದಳು.

‘ನನ್ನ ತಂಗಿ ಏನೋ, ನಾನೂ ಅದ. ಹಂಗ ಬರಿ. ಆಕಿ ಹೆಸರ ಹಾಕು.’

ಇಂಥ ಉತ್ತರ ನಡೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಯಾವ ಕಾಲಮ್ಮಿಗೂ ಇದು ಸೇರದು, ಯಾವ ಗುಮಾಸ್ತನೂ ಇದನ್ನು ಕೂಡಿಸಲಾರ. ಧಾರವಾಡದಲ್ಲಾಗಿದ್ದರೆ ಇಂಥ ಫಾರ್ಮನ್ನು ನಾನೇ ಹಿಂದಕ್ಕೆ ಎಸೆಯುತ್ತಿದ್ದೆ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಒಂದು ಚೌಕಕ್ಕೆ ಒಂದು ಅಕ್ಷರದಂತೆ ಇಂಗ್ಲಿಷಿನಲ್ಲಿ ಒತ್ತಿ ಬರೆದೆ. ತಂಗಿ ಎಂಬಲ್ಲಿಗೆ ಬರುವಷ್ಟರಲ್ಲಿ ಚೌಕಗಳು ಮುಗಿದವು. ಎಸ್ಟೆಲ್‌ಗೆ ಜಾಗ ಉಳಿಯಲಿಲ್ಲ.

ಕೋರಾಬಾಯಿ ಪೆನ್ನು ಕಸಿದುಕೊಂಡಳು. ಅಂಚಿನ ಖಾಲಿ ಜಾಗದಲ್ಲಿ, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಆ ಹೆಸರನ್ನು ತಾನೇ ಬರೆದಳು. ಅಷ್ಟು ಸಣ್ಣ ಹೆಸರು ಬರೆಯಲು ಅವಳಿಗೆ ನನ್ನ ಒಂದು ಪುಟದಷ್ಟು ಹೊತ್ತು ಹಿಡಿಯಿತು. ನಾನು ನೆರವಿಗೆ ಕೈ ಚಾಚಲಿಲ್ಲ.

ಲಕೋಟೆ ಅಂಟಿಸಿ, ನಮ್ಮ ಮನೆಯದರ ಜೊತೆಗೆ ನಾನೇ ಅಂಚೆಗೆ ಹಾಕುತ್ತೇನೆ, ನಿಮಗೆ ಮೆಟ್ಟಿಲಿಳಿಯುವ ಕಷ್ಟ ಬೇಡ ಎಂದೆ. ಕೋರಾಬಾಯಿ ಆಗಲೇ ಟೊಪ್ಪಿಗೆ ಹಾಕಿಕೊಂಡು ನಿಂತಿದ್ದಳು. ಲಕೋಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

‘ಬ್ಯಾಡ ಟೀಚರ್’ ಎಂದಳು. ‘ನಮ್ಮಿಬ್ಬರನ್ನೂ ನಾನ ಕರಕೊಂಡು ಹೋಗ್ತೇನಿ.’